ಸೀನಿಯರ್ ಆಫೀಸ್ ಹುಡುಕಿದ್ದು: ಕೋರ್ಟ್ ಹಾಲ್‌ನಲ್ಲಿ ಕೂತು ನಾನು ಕಂಡುಕೊಂಡ ದಾರಿ

ಲಾ ಮುಗಿಸಿದ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: "ಮೇಡಂ, ಸೀನಿಯರ್ ಸಿಗ್ತಿಲ್ಲ, ಏನು ಮಾಡಲಿ?" ಸೀನಿಯರ್ ಅಂದರೆ ತಮ್ಮ ಆಫೀಸಿನಲ್ಲಿ ಜೂನಿಯರ್ ಆಗಿ ಇಟ್ಟುಕೊಂಡು ಕೆಲಸ ಕಲಿಸುವ ಅನುಭವಿ ವಕೀಲರು. ನಾನೂ ಸೀನಿಯರ್ ಸಿಗದ ಇದೇ ಚಿಂತೆಯಲ್ಲಿ ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಅಲೆದವಳು. ನಮ್ಮ ಮನೆಯಲ್ಲಿ ವಕೀಲರಿಲ್ಲ, ನೆಂಟರಲ್ಲೂ ಇಲ್ಲ. ಹಾಗಾಗಿ ನನ್ನ ಕೈಹಿಡಿದ ದಾರಿ ಯಾವುದು ಅನ್ನುವುದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಡಾಕ್ಟರ್ ಆಗುವವರಿಗೆ ಇಂಟರ್ನ್‌ಶಿಪ್ ಕಡ್ಡಾಯ. ಸಿಎ ಓದುವವರಿಗೆ ಆರ್ಟಿಕಲ್‌ಶಿಪ್ ಇದೆ. ವಕೀಲರಿಗೆ ಡಿಗ್ರಿ ಬಂದ ಮೇಲೆ ಅಂಥದ್ದು ಏನೂ ಇಲ್ಲ. ಎನ್‌ರೋಲ್ ಆಗುವ, ಅಂದರೆ ವಕೀಲರಾಗಿ ಹೆಸರು ನೋಂದಾಯಿಸುವ ಮೊದಲು ಒಂದು ವರ್ಷ ಸೀನಿಯರ್ ಹತ್ತಿರ ತರಬೇತಿ ಪಡೆಯಬೇಕು ಎಂದು ವಕೀಲ ವೃತ್ತಿಯ ನಿಯಂತ್ರಣ ಸಂಸ್ಥೆಯಾದ ಬಾರ್ ಕೌನ್ಸಿಲ್ ಆಫ್ ಇಂಡಿಯಾ 1995ರಲ್ಲಿ ನಿಯಮ ಮಾಡಿತ್ತು. 1961ರ ವಕೀಲರ ಕಾಯ್ದೆ ಕೌನ್ಸಿಲ್‌ಗೆ ಅಂಥ ಅಧಿಕಾರ ಕೊಟ್ಟಿಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ, ವಿ. ಸುದೀರ್ ಪ್ರಕರಣದಲ್ಲಿ, ಅದನ್ನು ರದ್ದು ಮಾಡಿತು. ಈಗ ಇರುವುದು ಎಐಬಿಇ (ಆಲ್ ಇಂಡಿಯಾ ಬಾರ್ ಎಕ್ಸಾಮಿನೇಷನ್) ಪರೀಕ್ಷೆ. ನೂರು ಪ್ರಶ್ನೆ, ಟಿಪ್ಪಣಿ ಇಲ್ಲದ ಬೇರ್ ಆಕ್ಟ್ (ಕಾಯ್ದೆಯ ಮೂಲ ಪಠ್ಯವಷ್ಟೇ ಇರುವ ಪುಸ್ತಕ) ಒಳಗೆ ಒಯ್ಯಬಹುದು. ಅದು ಪಾಸಾದರೆ ಕಾಯ್ದೆಯ ಕಣ್ಣಲ್ಲಿ ನಾವು ಪೂರ್ತಿ ವಕೀಲರು. ಆದರೆ ವಕಾಲತ್ತು ಹೇಗೆ ಹಾಕುವುದು, ಆಫೀಸ್ ಆಬ್ಜೆಕ್ಷನ್ (ಹಾಕಿದ ಕಾಗದದಲ್ಲಿ ಕೋರ್ಟ್ ಕಚೇರಿ ತೋರಿಸುವ ಲೋಪ) ಬಂದರೆ ಏನು ಮಾಡುವುದು, ಸಾಕ್ಷಿಯನ್ನು ಎಲ್ಲಿಂದ ಕೇಳಲು ಶುರು ಮಾಡುವುದು, ಇದನ್ನೆಲ್ಲ ಯಾವ ಪರೀಕ್ಷೆಯೂ ಕಲಿಸುವುದಿಲ್ಲ. ಅದನ್ನು ಕಲಿಯುವುದು ಸೀನಿಯರ್ ಆಫೀಸಿನಲ್ಲಿ ಮಾತ್ರ. ಅಲ್ಲಿಗೆ ಸೇರಲು ಜಾಹೀರಾತಿಲ್ಲ, ಅರ್ಜಿ ಇಲ್ಲ, ರ‍್ಯಾಂಕ್ ಪಟ್ಟಿ ಇಲ್ಲ.

ನಾನು ಶುರು ಮಾಡಿದ್ದು ಎಲ್ಲರಂತೆ ಇಮೇಲ್‌ನಿಂದ. ಉತ್ತರ ಬರಲಿಲ್ಲ. ಯಾಕೆ ಅನ್ನುವುದು ಒಳಗೆ ಬಂದ ಮೇಲೆ ಅರ್ಥವಾಯಿತು. ಸಿವಿಲ್ ಕೋರ್ಟ್‌ನಲ್ಲಿ ಪ್ರಾಕ್ಟೀಸ್ ಮಾಡುವ ಬಹಳಷ್ಟು ಆಫೀಸುಗಳಲ್ಲಿ ಇರುವುದು ಒಬ್ಬ ವಕೀಲರು, ಒಬ್ಬ ಗುಮಾಸ್ತರು, ಒಬ್ಬಿಬ್ಬರು ಜೂನಿಯರ್‌ಗಳು, ಅಷ್ಟೇ. ಬಯೋಡೇಟಾ ನೋಡಲು ಅಂತ ಬೇರೆ ಯಾರೂ ಇರುವುದಿಲ್ಲ. ಜೂನಿಯರ್ ಬೇಕಾದಾಗ ಪರಿಚಯದವರ ಮಗನೋ ಮಗಳೋ ಬರುತ್ತಾರೆ, ಇಲ್ಲವಾದರೆ ಈಗಿರುವ ಜೂನಿಯರ್ ತನ್ನ ಸ್ನೇಹಿತರನ್ನು ಕರೆತರುತ್ತಾನೆ. ಪರಿಚಯವೇ ಇಲ್ಲದವರು ಆ ಬಾಗಿಲಿಗೆ ಬೇರೆ ದಾರಿಯಿಂದಲೇ ಹೋಗಬೇಕು.

ನನಗೆ ಸಿಕ್ಕ ದಾರಿ ಕೋರ್ಟ್ ಹಾಲ್. ನಮ್ಮ ಕೋರ್ಟ್‌ಗಳು ತೆರೆದ ನ್ಯಾಯಾಲಯಗಳು, ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆಯ) 153ಬಿ ಕಲಂ ಹಾಗೆಂದೇ ಹೇಳುತ್ತದೆ. ಜಾಗ ಇದ್ದರೆ ಯಾರು ಬೇಕಾದರೂ ಹಿಂದೆ ಕೂತು ನೋಡಬಹುದು. ನಾನು ಸಿಟಿ ಸಿವಿಲ್ ಕೋರ್ಟ್‌ನಲ್ಲಿ ಒಂದು ಹಾಲ್ ಹಿಡಿದು ದಿನಗಟ್ಟಲೆ ಕೂತೆ, ಆಮೇಲೆ ಇನ್ನೊಂದು, ಮತ್ತೊಂದು. ದೊಡ್ಡ ವಕೀಲರ ವಾದ ಕೇಳುವುದಕ್ಕಿಂತ ಹೆಚ್ಚಾಗಿ ಜೂನಿಯರ್‌ಗಳನ್ನು ನೋಡಿದೆ. ಕೇಸ್ ಕೂಗಿದಾಗ ಎದ್ದು ನಿಂತ ಜೂನಿಯರ್ "ಸೀನಿಯರ್ ಬೇರೆ ಕೋರ್ಟ್‌ನಲ್ಲಿದ್ದಾರೆ, ಸಮಯ ಕೊಡಿ" ಅನ್ನುವುದಷ್ಟನ್ನೇ ಹೇಳುತ್ತಾನಾ? ಜಡ್ಜ್ ತಿರುಗಿಸಿ ಒಂದು ಪ್ರಶ್ನೆ ಕೇಳಿದರೆ ಫೈಲ್ ತೆರೆದು ಉತ್ತರ ಕೊಡುತ್ತಾನಾ? ಸಣ್ಣ ಐಎ (ಮಧ್ಯಂತರ ಅರ್ಜಿ) ಮೇಲೆ ಅವನೇ ವಾದ ಮಾಡುತ್ತಾನಾ? ಬ್ಯಾಂಕ್ ಅಧಿಕಾರಿಯಂಥ ಔಪಚಾರಿಕ ಸಾಕ್ಷಿಯ ಪಾಟೀಸವಾಲನ್ನು ಸೀನಿಯರ್ ಜೂನಿಯರ್‌ಗೆ ಬಿಟ್ಟು ಪಕ್ಕದಲ್ಲಿ ಕೂರುತ್ತಾರಾ? ಮುಖ್ಯವಾಗಿ, ಜೂನಿಯರ್ ಏನಾದರೂ ಎಡವಿದರೆ ಕಾರಿಡಾರ್‌ನಲ್ಲಿ ಕಕ್ಷಿದಾರರ ಎದುರಿಗೇ ಬೈಯುತ್ತಾರಾ ಅಥವಾ ಆಮೇಲೆ ಕರೆದು ಹೇಳುತ್ತಾರಾ?

ಇದನ್ನು ಬೇರೆ ಯಾರ ಬಾಯಿಂದ ಕೇಳಿದರೂ ಸಾಲದು, ಕಣ್ಣಾರೆ ನೋಡಬೇಕು. ಹೆಸರಾಂತ ಆಫೀಸಿನ ಜೂನಿಯರ್‌ಗಳು ವರ್ಷಗಟ್ಟಲೆ ಬರೀ ತಾರೀಖು ತೆಗೆದುಕೊಳ್ಳುತ್ತಾ ಓಡಾಡಿದ್ದನ್ನು ನಾನು ನೋಡಿದ್ದೇನೆ. ಹೆಸರು ಕೇಳಿರದ ವಕೀಲರೊಬ್ಬರ ಜೂನಿಯರ್ ತಾತ್ಕಾಲಿಕ ಇಂಜಂಕ್ಷನ್ (ತಡೆಯಾಜ್ಞೆ) ಮೇಲೆ ಚೆನ್ನಾಗಿ ವಾದ ಮಾಡಿದ್ದನ್ನೂ ನೋಡಿದ್ದೇನೆ. ನಾನು ಹೋಗಬೇಕಾದ ಆಫೀಸ್ ಯಾವುದು ಅಂತ ಗೊತ್ತಾಗಿದ್ದು ಹೀಗೆ.

ಅಂಥ ಕೆಲವರ ಹೆಸರು ಬರೆದಿಟ್ಟುಕೊಂಡೆ. ಆಮೇಲೆ ಮಾತಾಡಿಸಿದ್ದು ಅವರ ಜೂನಿಯರ್‌ಗಳನ್ನು ಮತ್ತು ಗುಮಾಸ್ತರನ್ನು. ಗುಮಾಸ್ತರಿಗೆ ಆಫೀಸಿನ ನಾಡಿ ಗೊತ್ತಿರುತ್ತದೆ. ಯಾವ ಜೂನಿಯರ್ ಬಿಟ್ಟುಹೋಗುತ್ತಿದ್ದಾರೆ, ಸಂಜೆ ಎಷ್ಟು ಹೊತ್ತಿಗೆ ಸರ್ ಬಿಡುವಾಗಿರುತ್ತಾರೆ, ಎಲ್ಲ. ಅವರನ್ನು "ಅಣ್ಣಾ" ಅಂತ ಗೌರವದಿಂದ ಮಾತಾಡಿಸಿ. ಕೆಲಸ ಆಗಲಿ ಅಂತ ಮಾತ್ರ ಹೇಳುತ್ತಿಲ್ಲ, ಮುಂದೆ ನಿಮಗೆ ಫೈಲಿಂಗ್ ಕಲಿಸುವವರೂ ಅವರೇ. ಕೋರ್ಟ್ ಕಾರಿಡಾರ್‌ನಲ್ಲಿ ಸೀನಿಯರ್‌ಗೆ ಅಡ್ಡ ನಿಂತು ಕೇಳಬೇಡಿ. ಅವರ ತಲೆಯಲ್ಲಿ ಆಗ ಮುಂದಿನ ಕೇಸ್ ಇರುತ್ತದೆ. ಸಂಜೆ ಆಫೀಸಿಗೆ ಹೋಗಿ.

ಹೋಗುವಾಗ ಮಾರ್ಕ್ಸ್ ಕಾರ್ಡ್ ಜೊತೆಗೆ ನಾನು ಎರಡು ಪುಟದ ಬರಹ ಒಯ್ಯುತ್ತಿದ್ದೆ. ವರದಿಯಾದ ಒಂದು ತೀರ್ಪು ತೆಗೆದುಕೊಂಡು ತಾರೀಖಿನ ಪ್ರಕಾರ ಘಟನೆಗಳು, ವಿವಾದಾಂಶಗಳು, ಪ್ರತಿಯೊಂದನ್ನು ಸಾಬೀತು ಮಾಡಲು ಬೇಕಾದ ದಾಖಲೆ, ಇಷ್ಟನ್ನು ಬರೆದದ್ದು. ಕೆಲವರು ಅದನ್ನು ಮುಟ್ಟಲೂ ಇಲ್ಲ. ಒಬ್ಬರು ಪೆನ್ಸಿಲ್ ತೆಗೆದು ತಿದ್ದುತ್ತಾ ಕೂತರು. ಸಿಪಿಸಿಯ ಆದೇಶ 39ರಲ್ಲಿ ಇಂಜಂಕ್ಷನ್ ಕೇಳುವವರು ಏನೇನು ತೋರಿಸಬೇಕು ಎಂದು ಕೇಳಿದರು. ಮೇಲ್ನೋಟಕ್ಕೆ ಕೇಸ್ ಇದೆ, ಅನುಕೂಲದ ತೂಕ ನಮ್ಮ ಕಡೆ ಇದೆ, ಆದೇಶ ಸಿಗದಿದ್ದರೆ ತುಂಬಿಕೊಡಲಾಗದ ನಷ್ಟವಾಗುತ್ತದೆ ಎಂದೆ. "ಸರಿ, ನಿಮ್ಮ ಈ ಎರಡು ಪುಟದಲ್ಲಿ ಆ ಎರಡನೆಯದು ಎಲ್ಲಿದೆ, ತೋರಿಸಿ" ಅಂದರು. ನನ್ನ ಸೀನಿಯರ್ ಆಗಿದ್ದು ಅವರೇ. ಹಾಗೆ ಕೇಳಿದ ಕ್ಷಣವೇ ಇಲ್ಲಿ ಕಲಿಯಬಹುದು ಅನ್ನಿಸಿತ್ತು.

ಇನ್ನು ದುಡ್ಡಿನ ಮಾತು. ಇದನ್ನು ಮುಚ್ಚಿಟ್ಟು ಬರೆಯುವುದು ಅನ್ಯಾಯ. ಒಂದು ಆಫೀಸಿನಲ್ಲಿ "ಕಲಿಸುವುದೇ ದೊಡ್ಡದು, ಸ್ಟೈಪೆಂಡ್ ಯಾಕೆ?" ಎಂದರು. ಇನ್ನೊಂದರಲ್ಲಿ ಮದುವೆ ಯಾವಾಗ, ಮದುವೆಯಾದ ಮೇಲೆ ಬರ್ತೀರಾ ಎಂದು ಕೇಳಿದರು. ನನ್ನ ಜೊತೆಗಿದ್ದ ಹುಡುಗರನ್ನು ಯಾರೂ ಹಾಗೆ ಕೇಳಲಿಲ್ಲ. ಅಪ್ಪ ಅಮ್ಮ ದುಡ್ಡು ಕಳಿಸಬಲ್ಲವರು ಮಾತ್ರ ಮೊದಲ ಎರಡು ವರ್ಷ ತಾಳಿಕೊಳ್ಳುತ್ತಾರೆ. ಉಳಿದವರು, ಅವರಲ್ಲಿ ನನಗಿಂತ ಚುರುಕಾದವರೂ ಇದ್ದರು, ಬೇರೆ ಕೆಲಸಕ್ಕೆ ಹೋಗಿಬಿಟ್ಟರು. ಇದು ನನಗೆ ಈಗಲೂ ನೋವಿನ ವಿಷಯ.

2024ರ ಅಕ್ಟೋಬರ್‌ನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಒಂದು ಸುತ್ತೋಲೆ ಹೊರಡಿಸಿತು. ನಗರದಲ್ಲಿ ಜೂನಿಯರ್‌ಗಳಿಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕು ಎಂದು ಅದರಲ್ಲಿದೆ. ಅದು ಶಿಫಾರಸು, ಕಡ್ಡಾಯವಲ್ಲ. ಆದರೂ ಮಾತು ಎತ್ತಲು ಒಂದು ಆಧಾರವಂತೂ ಸಿಕ್ಕಿತು, ಅಲ್ವಾ? ಪರಿಶಿಷ್ಟ ಜಾತಿ, ಪಂಗಡದ ಕಾನೂನು ಪದವೀಧರರಿಗೆ ಸೀನಿಯರ್ ಹತ್ತಿರ ತರಬೇತಿ ಪಡೆಯುವಾಗ ಶಿಷ್ಯವೇತನ ಕೊಡುವ ಯೋಜನೆ ರಾಜ್ಯ ಸರ್ಕಾರದಲ್ಲಿದೆ, ಸಮಾಜ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿ. ಎನ್‌ರೋಲ್‌ಮೆಂಟ್ ಶುಲ್ಕದ ಹೊರೆಯೂ ಇಳಿದಿದೆ. ನಮ್ಮ ಕಾಲಕ್ಕೆ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುತ್ತಿದ್ದರು. 2024ರ ಜುಲೈನಲ್ಲಿ ಗೌರವ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ ಎಂದಿತು.

ಸೇರುವ ದಿನವೇ ನಾನು ಸಂಕೋಚ ಬಿಟ್ಟು ಕೇಳಿದೆ: "ಸರ್, ರೂಮ್ ಬಾಡಿಗೆ ಕಟ್ಟಬೇಕು, ತಿಂಗಳಿಗೆ ಎಷ್ಟು ಕೊಡ್ತೀರಿ? ನನಗೇ ಬಂದ ಕೇಸ್ ಇದ್ದರೆ ನಾನು ನಡೆಸಬಹುದಾ?" ಅವರು ಬೇಸರ ಮಾಡಿಕೊಳ್ಳಲಿಲ್ಲ. ಮೊತ್ತ ಸಣ್ಣದೇ ಇತ್ತು, ಆದರೆ ಆರು ತಿಂಗಳಿಗೆ ಹೆಚ್ಚಿಸುವುದಾಗಿ ಹೇಳಿದರು, ಹಾಗೇ ಮಾಡಿದರು. ಸ್ವಂತ ಕೇಸ್‌ಗೂ ಒಪ್ಪಿದರು. ಸ್ಟೈಪೆಂಡ್‌ಗಿಂತ ಈ ಎರಡನೆಯ ಒಪ್ಪಿಗೆಯೇ ನನ್ನನ್ನು ಕೋರ್ಟ್‌ನಲ್ಲಿ ಉಳಿಸಿತು.

ಮೊದಲ ತಿಂಗಳುಗಳು ಪ್ರೋಸೆಸ್ ಫೀ (ಸಮನ್ಸ್, ನೋಟಿಸ್ ಕಳಿಸಲು ಕೋರ್ಟ್‌ಗೆ ಕೊಡುವ ಶುಲ್ಕ) ಕಟ್ಟುವುದು, ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕುವುದು, ಡೈರಿ ಬರೆಯುವುದು, ಇದರಲ್ಲೇ ಕಳೆದವು. ಬೇಜಾರು ಅನ್ನಿಸಿದರೂ ಬಿಡಬೇಡಿ, ಒಂದು ದಾವೆ ಒಳಗೊಳಗೆ ಹೇಗೆ ಸಾಗುತ್ತದೆ ಅಂತ ಗೊತ್ತಾಗುವುದು ಅಲ್ಲೇ.

ಈಗ ಹುಡುಕುತ್ತಿರುವವರಿಗೆ ಇನ್ನೊಂದು ಹೊಸ ಪ್ರಶ್ನೆ ಎದುರಾಗುತ್ತದೆ. ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷದ ಪ್ರಾಕ್ಟೀಸ್ ಬೇಕು ಎಂದು 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಸೀನಿಯರ್‌ಗಳು ಮೊದಲೇ ಕೇಳುತ್ತಾರೆ, "ಪ್ರಾಕ್ಟೀಸ್ ಮಾಡ್ತೀರಾ, ಸರ್ಟಿಫಿಕೇಟ್‌ಗೆ ಬಂದಿದ್ದೀರಾ?" ಪರೀಕ್ಷೆ ಬರೆಯುವ ಮನಸ್ಸಿದ್ದರೆ ಹಾಗೆಂದೇ ಹೇಳಿಬಿಡಿ. ಪ್ರಾಕ್ಟೀಸ್ ಮಾಡಿದ್ದೀರಿ ಎಂದು ಬರೆದುಕೊಡಬೇಕಾದ ವಕೀಲರಿಗೆ ಕನಿಷ್ಠ ಹತ್ತು ವರ್ಷದ ಅನುಭವ ಇರಬೇಕು, ಅದಕ್ಕೆ ಆ ಕೋರ್ಟ್‌ನ ಪ್ರಧಾನ ನ್ಯಾಯಾಧೀಶರ ಸಹಿಯೂ ಬೇಕು. ಆದ್ದರಿಂದ ಸೇರುವ ಮೊದಲೇ ನಿಮ್ಮ ಸೀನಿಯರ್ ಎನ್‌ರೋಲ್ ಆದ ವರ್ಷ ಯಾವುದು ಎಂದು ಗುಮಾಸ್ತರ ಹತ್ತಿರ ಕೇಳಿ ತಿಳಿದುಕೊಳ್ಳಿ. ನೀವು ಹಾಜರಾದ ಪ್ರತಿ ಕೇಸಿನ ನಂಬರ್ ಮತ್ತು ತಾರೀಖನ್ನು ಮೊದಲ ದಿನದಿಂದಲೇ ನಿಮ್ಮದೇ ಒಂದು ಡೈರಿಯಲ್ಲಿ ಬರೆದಿಡಿ.