ನೀಲಿ ಬೆಳಕು ಬಂದರೆ ಸಾಕೇ? ಕ್ಯೂರಿಂಗ್ ಲೈಟ್ ಪರೀಕ್ಷಿಸುವುದು ಹೀಗೆ

ರಾಯಚೂರು, ಕೊಪ್ಪಳ ಕಡೆ ಬಹಳ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲಿಗೆ ಕಂದು ಕಲೆ ಬಿದ್ದವರು ಮದುವೆ ಗೊತ್ತಾದ ಕೂಡಲೇ ಕ್ಲಿನಿಕ್ಕಿಗೆ ಬಂದು ‘ಬಿಳಿ ಸಿಮೆಂಟ್ ಹಾಕ್ರಿ ಡಾಕ್ಟ್ರೇ’ ಅನ್ನುತ್ತಾರೆ. ಆ ಬಿಳಿ ಸಿಮೆಂಟೇ ಕಾಂಪೋಸಿಟ್. ನೀಲಿ ಬೆಳಕು ಬೀಳುವ ತನಕ ಮೆತ್ತಗಿರುತ್ತದೆ, ಬಿದ್ದರೆ ಗಟ್ಟಿಯಾಗುತ್ತದೆ. ಆ ಬೆಳಕು ಕೊಡುವ ಉಪಕರಣವೇ ಕ್ಯೂರಿಂಗ್ ಲೈಟ್.

ತೊಂದರೆ ಏನೆಂದರೆ, ಬೆಳಕು ಸೊರಗಿದ್ದರೂ ಮೇಲ್ಪದರ ಗಟ್ಟಿಯಾಗಿಬಿಡುತ್ತದೆ. ಹಲ್ಲು ಪರೀಕ್ಷಿಸುವ ಚೂಪು ಕಡ್ಡಿಯಿಂದ (ಪ್ರೋಬ್) ತಟ್ಟಿದರೆ ಟಕ್ ಅನ್ನುತ್ತದೆ. ತಳದಲ್ಲಿ, ಹಲ್ಲಿಗೆ ಅಂಟಬೇಕಾದ ಕಡೆ, ಹಸಿಯಾಗಿಯೇ ಉಳಿದಿರುತ್ತದೆ. ಆಮೇಲೆ ಫಿಲ್ಲಿಂಗ್ ಕಿತ್ತು ಬಂದರೆ ರೋಗಿ ಕಟಕ ರೊಟ್ಟಿಯನ್ನು ಬೈಯುತ್ತಾನೆ, ಡಾಕ್ಟರು ಕಂಪನಿಯ ಮಾಲನ್ನು ಬೈಯುತ್ತಾರೆ. ಲೈಟ್ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಬರುವುದಾದರೂ ಹೇಗೆ? ಹೊಸ ಲೈಟೂ ಕಣ್ಣು ಕುಕ್ಕುತ್ತದೆ, ಸೊರಗಿದ್ದೂ ಕುಕ್ಕುತ್ತದೆ. ಅದಕ್ಕೇ ಅಳೆಯಬೇಕು.

ಮೊದಲು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ. ಲೈಟ್ ಆಫ್ ಇದ್ದಾಗ ಟಿಪ್ಪನ್ನು, ಅಂದರೆ ಬೆಳಕು ಹೊರಬರುವ ಗಾಜಿನ ತುದಿಯನ್ನು, ಕಿಟಕಿ ಬೆಳಕಿಗೆ ಹಿಡಿದು ನೋಡಿ. ತುದಿಯಲ್ಲಿ ಕಾಳಿನಷ್ಟು ಕಾಂಪೋಸಿಟ್ ಗಟ್ಟಿಯಾಗಿ ಕೂತಿರುವುದು ತೀರಾ ಸಾಮಾನ್ಯ. ಅಷ್ಟು ಸಾಕು, ಬೆಳಕಿನ ದೊಡ್ಡ ಪಾಲು ಅಲ್ಲೇ ತಡೆದುಹೋಗುತ್ತದೆ. ಬ್ಲೇಡಿನಿಂದ ಕೆರೆಯಬೇಡಿ, ಗಾಜಿಗೆ ಗೀರು ಬೀಳುತ್ತದೆ. ಲೈಟಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದಂತೆ ತೆಗೆಯಿರಿ. ತುದಿ ಚಕ್ಕೆ ಎದ್ದಿದ್ದರೆ ಟಿಪ್ಪನ್ನೇ ಬದಲಿಸಿ.

ಇನ್ನು ರೇಡಿಯೋಮೀಟರ್, ಅಂದರೆ ಬೆಳಕಿನ ಬಲ ಅಳೆಯುವ ಮೀಟರ್. ಕಿತ್ತಳೆ ಬಣ್ಣದ ಕನ್ನಡಕ ಹಾಕಿಕೊಳ್ಳಿ, ನೀಲಿ ಬೆಳಕು ಕಣ್ಣಿನ ಪರದೆಗೆ ಒಳ್ಳೆಯದಲ್ಲ. ಟಿಪ್ಪನ್ನು ಮೀಟರಿನ ಕಿಂಡಿಗೆ ಸಪಾಟಾಗಿ ತಾಗಿಸಿ ಇಡಿ. ದಿನಾ ಬಳಸುವ ಮೋಡಿನಲ್ಲೇ ಹಚ್ಚಿ. ಶುರುವಿನಲ್ಲಿ ಒಮ್ಮೆ, ಲೈಟ್ ಆರುವ ಮುಂಚೆ ಒಮ್ಮೆ ಅಂಕಿ ನೋಡಿ. ನಡುವೆ ಸರ್ರನೆ ಇಳಿದರೆ ಬ್ಯಾಟರಿ ಸೋತಿರಬಹುದು, ಇಲ್ಲವೇ ಲೈಟ್ ಬಿಸಿಯಾಗುತ್ತಿರಬಹುದು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಇದನ್ನು ತಪ್ಪದೇ ನೋಡಬೇಕು. ಮೂರು ಸಲ ಅಳೆದು ಸರಾಸರಿ ಬರೆದುಕೊಳ್ಳಿ. ಬಳಿಕ ಟಿಪ್ಪಿಗೆ ತೊಡಿಸುವ ಪ್ಲಾಸ್ಟಿಕ್ ಸ್ಲೀವ್ ಹಾಕಿ ಮತ್ತೆ ಅಳೆಯಿರಿ. ರೋಗಿಯ ಬಾಯಿಗೆ ಹೋಗುವುದು ಆ ಅಂಕಿ.

ಚದರ ಸೆಂಟಿಮೀಟರಿಗೆ 400 ಮಿಲಿವ್ಯಾಟ್‌ಗಿಂತ ಕಡಿಮೆ ಬಂದರೆ ಆ ಲೈಟನ್ನು ಪಕ್ಕಕ್ಕಿಡಿ. ಇವತ್ತಿನ ಎಲ್‌ಇಡಿ ಲೈಟುಗಳು ಸಾಮಾನ್ಯವಾಗಿ 1000ದ ಆಸುಪಾಸು, ಅಥವಾ ಇನ್ನೂ ಜಾಸ್ತಿ ಕೊಡುತ್ತವೆ. 1000 ಇದ್ದಾಗ 20 ಸೆಕೆಂಡಿಗೆ ಚದರ ಸೆಂಟಿಮೀಟರಿಗೆ 20 ಜೂಲ್ ಶಕ್ತಿ ಸಿಕ್ಕಿದರೆ, 600ಕ್ಕೆ ಇಳಿದಾಗ ಅದೇ 20 ಸೆಕೆಂಡಿಗೆ ಸಿಗುವುದು 12 ಮಾತ್ರ. ಸ್ವಲ್ಪ ಹೊತ್ತು ಜಾಸ್ತಿ ಹಿಡಿದು ಸರಿದೂಗಿಸಬಹುದು. ಆದರೆ ಹಲ್ಲಿನ ನರಕ್ಕೆ ಬಿಸಿ ತಟ್ಟದಂತೆ ಗಾಳಿ ಊದುತ್ತಿರಬೇಕು.

ಅಂಕಿಯನ್ನು ವೇದವಾಕ್ಯ ಅಂದುಕೊಳ್ಳಬೇಡಿ. ಕೈಯಲ್ಲಿ ಹಿಡಿಯುವ ಮೀಟರುಗಳು ಒಂದಕ್ಕೊಂದು ತಾಳೆ ಆಗುವುದಿಲ್ಲ. ಹಳೆಯ ಹ್ಯಾಲೊಜನ್ ಬಲ್ಬಿನ ಲೈಟುಗಳ ಕಾಲದ ಮೀಟರ್ ಎಲ್‌ಇಡಿಯನ್ನು ತಪ್ಪಾಗಿ ಓದಬಹುದು. ಹಾಗಾಗಿ ಒಂದೇ ಲೈಟ್, ಒಂದೇ ಟಿಪ್, ಒಂದೇ ಮೀಟರ್. ಲೈಟ್ ಹೊಸದಿದ್ದಾಗಿನ ಅಂಕಿಯನ್ನು ಬೀರುವಿನ ಬಾಗಿಲಿಗೆ ಅಂಟಿಸಿ, ಅದರ ಕೆಳಗೆ ಪ್ರತಿ ತಿಂಗಳದ್ದು ಬರೆಯಿರಿ. ಈ ಕೆಲಸವನ್ನು ಅಸಿಸ್ಟೆಂಟಿಗೆ ಒಪ್ಪಿಸಿದರೆ ಒಳ್ಳೆಯದು, ಡಾಕ್ಟರಿಗೆ ಬಿಟ್ಟರೆ ಮರೆತೇ ಹೋಗುತ್ತದೆ!

ಮೀಟರ್ ಇಲ್ಲವೇ? 6 ಮಿಲಿಮೀಟರ್ ಉದ್ದದ ಸ್ಟೀಲ್ ಕೊಳವೆಗೆ ಕಾಂಪೋಸಿಟ್ ತುಂಬಿ. ಒಂದೇ ಕಡೆಯಿಂದ, ಎಂದಿನಷ್ಟೇ ಹೊತ್ತು ಬೆಳಕು ಹಿಡಿಯಿರಿ. ಹೊರಗೆ ತಳ್ಳಿ, ಕೆಳಗಿನ ಮೆತ್ತನೆ ಭಾಗವನ್ನು ಪ್ಲಾಸ್ಟಿಕ್ ಸ್ಪಾಚುಲಾದಿಂದ ಕೆರೆದು ತೆಗೆಯಿರಿ. ಉಳಿದ ಗಟ್ಟಿ ತುಂಡಿನ ಉದ್ದದಲ್ಲಿ ಅರ್ಧವನ್ನಷ್ಟೇ ನಂಬಬೇಕು. 2 ಮಿಲಿಮೀಟರ್ ಪದರ ಹಾಕುವವರಿಗೆ ಕನಿಷ್ಠ 4 ಮಿಲಿಮೀಟರ್ ಉಳಿಯಬೇಕು. ಗಾಢ ಬಣ್ಣದ ಕಾಂಪೋಸಿಟ್‌ನಲ್ಲಿ ಬೆಳಕು ಕಡಿಮೆ ಇಳಿಯುತ್ತದೆ, ಅದಕ್ಕೆ ಬೇರೆಯಾಗಿ ಮಾಡಿ ನೋಡಿ.

ಇಷ್ಟೆಲ್ಲ ಅಳೆದದ್ದು ಟಿಪ್ ತಾಗಿಸಿ ಹಿಡಿದಾಗಿನ ಲೆಕ್ಕ. ಹಿಂದಿನ ದವಡೆ ಹಲ್ಲಿನಲ್ಲಿ ಟಿಪ್ ದೂರ ಉಳಿದರೆ, ಓರೆಯಾದರೆ, ತಳಕ್ಕೆ ತಲುಪುವುದು ತೀರಾ ಕಡಿಮೆ. ರೋಗಿಗೆ ಬಾಯಿ ಇನ್ನೊಂಚೂರು ಅಗಲ ಮಾಡಲು ಹೇಳಿ, ಕೊನೆಯ ಸೆಕೆಂಡಿನವರೆಗೂ ಟಿಪ್ ಕಡೆ ಗಮನ ಇರಲಿ, ಕಿತ್ತಳೆ ಕನ್ನಡಕದೊಳಗಿಂದ.