ಗೇರ್‌ಬಾಕ್ಸ್ ಇಳಿಸೋಕೆ ಮುಂಚೆ ಆ ಸಣ್ಣ ವ್ಯಾಕ್ಯೂಮ್ ಪೈಪು ಕಿತ್ತು ನೋಡಿ

ನನ್ನ ಹತ್ರ ಒಂದು ಹಳೇ ಪೆಟ್ರೋಲ್ ಪಿಕಪ್ ಇದೆ, ಮೂರು ಗೇರಿನ ಆಟೋಮ್ಯಾಟಿಕ್, ಸೆನ್ಸರು ಕಂಪ್ಯೂಟರು ಏನೂ ಇಲ್ಲ, ಎಲ್ಲಾ ಆಯಿಲ್ ಪ್ರೆಶರ್ ಮೇಲೇ ನಡೆಯೋದು. ಹೋದ ವರ್ಷ ಅದು ಗೇರ್ ಬದಲಾಯಿಸೋಕೆ ಸತಾಯಿಸೋಕೆ ಶುರು ಮಾಡ್ತು. ಮೊದಲೆಲ್ಲ ನಿಧಾನಕ್ಕೆ ಹೊರಟ್ರೆ 20–25 ಕಿಮೀ ಸ್ಪೀಡಲ್ಲಿ ಗೊತ್ತೇ ಆಗದ ಹಾಗೆ ಸೆಕೆಂಡಿಗೆ ಬೀಳ್ತಿದ್ದ ಗಾಡಿ ಈಗ 45 ದಾಟಿದ್ರೂ ಫಸ್ಟಲ್ಲೇ ಅರಚ್ಕೊಂಡು ಹೋಗಿ, ಆಮೇಲೆ ಯಾರೋ ಹಿಂದಿಂದ ಒದ್ದ ಹಾಗೆ ದಡ್ ಅಂತ ಬೀಳೋದು, ಸೆಕೆಂಡಿಂದ ಥರ್ಡಿಗೂ ಅದೇ ಕಥೆ.

ತೋರಿಸಿದ ಮೆಕ್ಯಾನಿಕ್ ಒಂದು ರೌಂಡ್ ಓಡಿಸಿ ಬಂದು "ಸರ್, ಕ್ಲಚ್ ಪ್ಲೇಟ್ ಹೋಗಿದೆ, ಬಾಕ್ಸ್ ಇಳಿಸಲೇಬೇಕು" ಅಂದ್ಬಿಟ್ರು. ನಂಗೆ ಯಾಕೋ ಒಪ್ಪಿಗೆ ಆಗ್ಲಿಲ್ಲ. ಪ್ಲೇಟ್ ಸವೆದಿದ್ರೆ ಜಾರಬೇಕು, ಇಂಜಿನ್ ಸುಮ್ನೆ ಕೂಗ್ಕೊಂಡು ಗಾಡಿ ಎಳೀದೆ ಇರಬೇಕು, ಇದು ನೋಡಿದ್ರೆ ಉಲ್ಟಾ, ಕಚ್ಚೋವಾಗ ಜಾಸ್ತೀನೇ ಗಟ್ಟಿಯಾಗಿ ಕಚ್ತಾ ಇದೆ.

ಮೊದಲು ಆಯಿಲ್ ನೋಡ್ದೆ, ಅದರಲ್ಲೇ ಒಂದು ಎಡವಟ್ಟು ಮಾಡ್ದೆ. ಬೆಳಗ್ಗೆ ಇಂಜಿನ್ ಆಫ್ ಇದ್ದಾಗ ಆಯಿಲ್ ಅಳೆಯೋ ಸ್ಟಿಕ್ ಎಳೆದು ನೋಡಿ ಸರಿಯಾಗೇ ಇದೆ ಅನ್ಕೊಂಡೆ. ಆಟೋಮ್ಯಾಟಿಕ್ ಆಯಿಲ್ ಹಾಗೆ ನೋಡೋದಲ್ಲ, ಗಾಡಿ ಚೆನ್ನಾಗಿ ಓಡಿಸಿ ಬಿಸಿ ಮಾಡಿ, ಸಮ ಜಾಗದಲ್ಲಿ ನಿಲ್ಲಿಸಿ, ಬ್ರೇಕ್ ಹಿಡ್ಕೊಂಡು ಎಲ್ಲಾ ಗೇರಿಗೂ ಒಂದ್ಸಲ ಹಾಕಿ ತೆಗೆದು, ಇಂಜಿನ್ ಓಡ್ತಾ ಇರೋವಾಗ್ಲೇ ಪಾರ್ಕಲ್ಲಿ ನೋಡಬೇಕು (ಕೆಲವು ಗಾಡಿಗೆ ನ್ಯೂಟ್ರಲ್, ಸ್ಟಿಕ್ ಮೇಲೇ ಬರೆದಿರುತ್ತೆ). ಇಂಜಿನ್ ಆಫ್ ಮಾಡಿದ್ರೆ ಕನ್ವರ್ಟರಲ್ಲಿರೋ (ಇಂಜಿನ್ನಿಗೂ ಬಾಕ್ಸಿಗೂ ಮಧ್ಯೆ ಆಯಿಲ್ ತುಂಬಿರೋ ಭಾಗ) ಆಯಿಲ್ ಕೆಳಗೆ ಇಳ್ದು ಲೆವೆಲ್ ಸುಳ್ಳು ತೋರ್ಸುತ್ತೆ. ಸರಿಯಾಗಿ ನೋಡಿದಾಗ ಸುಮಾರು ಒಂದು ಲೀಟರ್ ಕಮ್ಮಿ ಇತ್ತು. ಬಣ್ಣ ಕೆಂಪಗೇ ಇತ್ತು, ಸುಟ್ಟ ವಾಸನೆ ಇಲ್ಲ. ಕಂದು ತಿರುಗಿ ಸೀದ ವಾಸನೆ ಬಂದಿದ್ರೆ ಮೆಕ್ಯಾನಿಕ್ ಹೇಳಿದ್ದೇ ನಿಜ ಅನ್ಕೋತಿದ್ದೆ, ಹಾಲು ಬೆರೆಸಿದ ಹಾಗೆ ಗುಲಾಬಿ ಆಗಿದ್ರೆ ರೇಡಿಯೇಟರೊಳಗಿನ ಕೂಲರ್ ಒಡೆದು ನೀರು ಸೇರಿದೆ ಅಂತ.

ಬಾಕ್ಸಿನ ತಳದಲ್ಲಿರೋ ಆಯಿಲ್ ಚೇಂಬರ್ ಕೂಡ ಬಿಚ್ಚಿದೆ, ಫಿಲ್ಟರ್ ಪ್ಯಾಕಿಂಗ್ ಬದಲಾಯಿಸ್ದೆ. ತಳದಲ್ಲಿ ತೆಳ್ಳಗೆ ಬೂದು ಪೇಸ್ಟ್ ಇತ್ತು, ಅಷ್ಟು ಇರೋದು ಮಾಮೂಲಿ, ಲೋಹದ ಚೂರು ಸಿಕ್ಕಿದ್ರೆ ಭಯ ಪಡಬೇಕಿತ್ತು. ಹೊಸ ಆಯಿಲ್ ಹಾಕಿ ಓಡಿಸಿದ್ರೆ ಏನೂ ವ್ಯತ್ಯಾಸ ಇಲ್ಲ, ಅರ್ಧ ದಿನದ ಕೆಲಸ ದಂಡ.

ಎರಡು ವಾರ ಆದ್ಮೇಲೆ ನೋಡಿದ್ರೆ ಆಯಿಲ್ ಮತ್ತೆ ಕಮ್ಮಿ! ನೆಲ ನೋಡಿದ್ರೆ ಒಣಗಿದೆ, ಒಂದು ಹನಿ ಇಲ್ಲ. ಹಾಗಾದ್ರೆ ಎಲ್ಲಿ ಹೋಯ್ತು ಇದು? ಆಗ ತಲೆಗೆ ಹೊಳೀತು, ಕೆಲವು ತಿಂಗಳಿಂದ ಸೈಲೆನ್ಸರಲ್ಲಿ ಬಿಳಿ ಹೊಗೆ ಬರ್ತಿತ್ತು, ನಾನು ಪಿಸ್ಟನ್ ರಿಂಗ್ ಸವೆದಿದೆ ಅಂತ ಸುಮ್ನಿದ್ದೆ, ಆದ್ರೆ ಇಂಜಿನ್ ಆಯಿಲ್ ಒಂದು ಚೂರೂ ಇಳಿದಿರ್ಲಿಲ್ಲ. ಅಂದ್ರೆ ಇಂಜಿನ್ ಗೇರ್‌ಬಾಕ್ಸಿನ ಆಯಿಲ್ ಕುಡೀತಿದೆ.

ದಾರಿ ಒಂದೇ ಇರೋದು, ವ್ಯಾಕ್ಯೂಮ್ ಮಾಡ್ಯುಲೇಟರ್. 1964ರಲ್ಲಿ ಬಂದ ಜಿಎಂ ಟರ್ಬೋ 400, 1966ರ ಫೋರ್ಡ್ ಸಿ6 ಈ ಥರದ ಹಳೇ ಬಾಕ್ಸ್‌ಗಳಿಗೆಲ್ಲ ಪಕ್ಕದಲ್ಲೋ ಹಿಂದುಗಡೆಯೋ ಒಂದು ತಗಡಿನ ಡಬ್ಬಿ ಇರುತ್ತೆ, ಇಂಜಿನ್ ಗಾಳಿ ಎಳ್ಕೊಳ್ಳೋ ಮನಿಫೋಲ್ಡಿಂದ ಅದಕ್ಕೆ ಒಂದು ಸಣ್ಣ ಪೈಪು. ಒಳಗೆ ರಬ್ಬರ್ ಡಯಾಫ್ರಮ್, ಅಂದ್ರೆ ತೆಳು ಪರದೆ. ಎಕ್ಸಲೇಟರ್ ಸ್ವಲ್ಪ ಒತ್ತಿದಾಗ ವ್ಯಾಕ್ಯೂಮ್ (ಇಂಜಿನ್ ಗಾಳಿ ಎಳೆಯೋ ಸೆಳೆತ) ಜಾಸ್ತಿ, ಪೂರ್ತಿ ಒತ್ತಿದಾಗ ಕಮ್ಮಿ, ಅದನ್ನ ನೋಡ್ಕೊಂಡೇ ಬಾಕ್ಸಿಗೆ ಲೋಡ್ ಎಷ್ಟು ಅಂತ ತಿಳಿಯೋದು. ರಬ್ಬರ್ ಹರಿದ್ರೆ ವ್ಯಾಕ್ಯೂಮ್ ನಿಲ್ಲಲ್ಲ, ಡ್ರೈವರ್ ಯಾವಾಗ್ಲೂ ಫುಲ್ ಒತ್ತಿದಾನೆ ಅಂತ ಬಾಕ್ಸ್ ಅನ್ಕೊಂಡು ಪ್ರೆಶರ್ ಏರಿಸಿ ಲೇಟಾಗಿ, ಗಟ್ಟಿಯಾಗಿ ಗೇರ್ ಹಾಕುತ್ತೆ, ಜೊತೆಗೆ ಅದೇ ಪೈಪಲ್ಲಿ ಆಯಿಲ್ ಇಂಜಿನ್ನಿಗೆ ಎಳ್ಕೊಂಡು ಹೋಗುತ್ತೆ.

ಸೈಲೆನ್ಸರ್ ತಣ್ಣಗಾದ್ಮೇಲೆ ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಅಡ್ಡ ಇಟ್ಟು (ಬರೀ ಜಾಕಿ ನಂಬಿ ಕೆಳಗೆ ನುಗ್ಗಬೇಡಿ) ಪೈಪು ಎಳೆದ್ರೆ ಒಳಗಿಂದ ಕೆಂಪು ಆಯಿಲ್ ತೊಟ್ಟಿಕ್ತು. ಅಷ್ಟೇ, ಎರಡು ನಿಮಿಷದ ಪರೀಕ್ಷೆ, ಇದನ್ನ ಮೊದಲನೇ ದಿನವೇ ಮಾಡಿದ್ರೆ ಆಗ್ತಿತ್ತು. ಖಾತ್ರಿಗೆ ಮಾಡ್ಯುಲೇಟರಿಗೆ ಕೈ ವ್ಯಾಕ್ಯೂಮ್ ಪಂಪ್ ಹಾಕಿ 18 ಇಂಚು (ವ್ಯಾಕ್ಯೂಮ್ ಅಳೆಯೋದು ಪಾದರಸದ ಇಂಚಲ್ಲಿ) ಎಳೆದು ನೋಡ್ದೆ, ಮುಳ್ಳು ನಿಲ್ಲದೇ ಸೊನ್ನೆಗೆ ಬಿತ್ತು. ಒಂದು ವೇಳೆ ಪೈಪು ಒಣಗಿದ್ರೂ ಬಿಡಬೇಡಿ, ಪೈಪಿನ ಮಾಡ್ಯುಲೇಟರ್ ತುದೀಲೇ ವ್ಯಾಕ್ಯೂಮ್ ಗೇಜ್ ಹಾಕಿ ಇಂಜಿನ್ ಐಡಲಲ್ಲಿ ನೋಡಿ, ಚೆನ್ನಾಗಿರೋ ಇಂಜಿನ್ನಿಗೆ ಸಾಮಾನ್ಯವಾಗಿ 16ರಿಂದ 20 ಇಂಚು ಬರುತ್ತೆ, ಕಮ್ಮಿ ಬಂದ್ರೆ ಪೈಪು ಬಿರುಕು ಬಿಟ್ಟಿರಬಹುದು ಅಥವಾ ಇಂಜಿನ್ನೇ ಸರಿಯಿಲ್ಲ, ಆಗ ಹೊಸ ಮಾಡ್ಯುಲೇಟರ್ ಹಾಕಿದ್ರೂ ಪ್ರಯೋಜನ ಇಲ್ಲ. ಕೇಬಲ್ ಇರೋ ನಾಲ್ಕು ಗೇರಿನ ಬಾಕ್ಸಾದ್ರೆ ಈ ಡಬ್ಬಿ ಇರಲ್ಲ, ಅಲ್ಲಿ ನೋಡಬೇಕಾಗಿರೋದು ಕೇಬಲ್ ಅಡ್ಜಸ್ಟ್‌ಮೆಂಟ್.

ಬದಲಾಯಿಸೋದು ಕಷ್ಟ ಇಲ್ಲ, ನಂದರಲ್ಲಿ ಒಂದು ಬೋಲ್ಟು ಒಂದು ಕ್ಲಾಂಪು. ಎಳೆಯುವಾಗ ಸ್ವಲ್ಪ ಆಯಿಲ್ ಸುರಿಯುತ್ತೆ, ಹಿಂದೆ ಇರೋ ಸಣ್ಣ ಕಡ್ಡಿ ಜಾರಿ ಬಿದ್ದೀತು, ನೋಡ್ಕೊಳ್ಳಿ, ನಾನು ಅದನ್ನ ಟ್ರೇ ಆಯಿಲಲ್ಲಿ ಕೈಯಾಡಿಸಿ ಹುಡುಕ್ದೆ. ಪೈಪೂ ಹೊಸದೇ ಹಾಕ್ದೆ, ಹಳೇದರಲ್ಲಿ ಆಯಿಲ್ ನೆನೆದು ಮೆತ್ತಗಾಗಿತ್ತು.

ಮನಿಫೋಲ್ಡಲ್ಲಿ ಉಳಿದಿದ್ದ ಆಯಿಲ್ ಉರಿಯೋವರೆಗೂ ಎರಡು ದಿನ ಹೊಗೆ ಬಂತು, ಆಮೇಲೆ ನಿಂತೋಯ್ತು. ಸೆಕೆಂಡ್ ಈಗ 22ಕ್ಕೆಲ್ಲ ಬೀಳುತ್ತೆ. ಥರ್ಡ್ ಇನ್ನೂ ಒಂಚೂರು ಗಟ್ಟಿ ಅನ್ಸುತ್ತೆ, ಮಾಡ್ಯುಲೇಟರ್ ಮೂತಿಯೊಳಗೆ ಸ್ಕ್ರೂ ಇದೆ, ಹೊರಗೆ ತಿರುಗಿಸಿದ್ರೆ ಮೆತ್ತಗಾಗುತ್ತೆ, ಆದ್ರೆ ಜಾಸ್ತಿ ತಿರುಗಿಸಿದ್ರೆ ಪ್ರೆಶರ್ ಇಳಿದು ಪ್ಲೇಟ್ ಜಾರಿ ನಿಜವಾಗ್ಲೂ ಸುಟ್ಟೋಗುತ್ತೆ, ಅದಕ್ಕೆ ಕೈ ಹಾಕದೆ ಹಾಗೇ ಬಿಟ್ಟಿದೀನಿ.