ಹ್ಯಾಂಗರ್ ಲ್ಯಾಪ್‌ಟಾಪ್: ಆರಿಸುವುದು ಹೇಗೆ, ಬಾಳಿಸುವುದು ಹೇಗೆ

2025ರ ನವೆಂಬರ್ 28ರ ರಾತ್ರಿ ನೆನಪಿದೆಯಾ? ಏರ್‌ಬಸ್ ಎ320 ಕುಟುಂಬದ ಸುಮಾರು 6,000 ವಿಮಾನಗಳನ್ನು ಸರಿಪಡಿಸಿಯೇ ಮತ್ತೆ ಹಾರಿಸಬೇಕು ಅಂತ ಆದೇಶ ಬಂದಿತ್ತು. ಸೂರ್ಯನ ವಿಕಿರಣ ಜೋರಾದಾಗ ಎಲ್ಯಾಕ್ ಅನ್ನುವ ಕಂಪ್ಯೂಟರಿನೊಳಗಿನ ಡೇಟಾ ಕೆಡಬಹುದು ಅನ್ನೋದು ಕಾರಣ. ರೆಕ್ಕೆಯ ಐಲೆರಾನ್, ಬಾಲದ ಎಲಿವೇಟರ್ ಅನ್ನುವ ಚಲಿಸುವ ಹಲಗೆಗಳೆರಡನ್ನೂ ಆಡಿಸುವ ಡಬ್ಬ ಅದು. ನಮ್ಮ ದೇಶದಲ್ಲೇ 338 ವಿಮಾನ. ಹೆಚ್ಚಿನವಕ್ಕೆ ಮದ್ದು ಒಂದೇ, ಹಳೇ ಸಾಫ್ಟ್‌ವೇರ್‌ಗೆ ವಾಪಸ್ ಹೋಗುವುದು. ಹೇಳೋಕೆ ಒಂದು ಸಾಲು. ಮಾಡೋಕೆ ಡೇಟಾ ಲೋಡರ್ (ವಿಮಾನದ ಕಂಪ್ಯೂಟರಿಗೆ ಸಾಫ್ಟ್‌ವೇರ್ ತುಂಬುವ ಉಪಕರಣ) ಹಿಡಿದು ಕಾಕ್‌ಪಿಟ್ ಹತ್ತಬೇಕು, ಕೇಬಲ್ ಚುಚ್ಚಬೇಕು, ಪರದೆ ಮೇಲಿನ ಪಟ್ಟಿ ತುಂಬುವ ತನಕ ಉಸಿರು ಬಿಗಿಹಿಡಿದು ಕೂರಬೇಕು, ಆಮೇಲೆ ಮುಂದಿನ ವಿಮಾನಕ್ಕೆ ಓಡಬೇಕು.

ಆ ಲೋಡರ್ ಕೆಲವು ಕಡೆ ಅದಕ್ಕಂತಲೇ ಮಾಡಿದ ಪೆಟ್ಟಿಗೆ. ಬಹಳ ಕಡೆ ಸಾಫ್ಟ್‌ವೇರ್ ಹಾಕಿದ ಒಂದು ಲ್ಯಾಪ್‌ಟಾಪ್. ಹ್ಯಾಂಗರಿನಲ್ಲಿ, ಅಂದರೆ ವಿಮಾನ ರಿಪೇರಿ ಮಾಡುವ ದೊಡ್ಡ ಶೆಡ್ಡಿನಲ್ಲಿ, ಬಳಸುವ ಅಂಥ ಲ್ಯಾಪ್‌ಟಾಪ್ ಬಗ್ಗೆಯೇ ಇವತ್ತು ಬರೆಯುತ್ತಿದ್ದೇನೆ. ಯಾಕಂದರೆ ನನ್ನ ಅನುಭವದಲ್ಲಿ ಅದು ಸೋಲೋದು ಎತ್ತರದಿಂದ ಬಿದ್ದು ಅಲ್ಲ. ಹತ್ತು ರೂಪಾಯಿಯ ಪ್ಲಾಸ್ಟಿಕ್ ತುಂಡಿನಿಂದ ಸೋಲುತ್ತದೆ.

ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಬೆಳಗಿನ ಜಾವ ಲೋಡಿಂಗ್ ನಡೆಯುತ್ತಿತ್ತು, ಮುಕ್ಕಾಲು ಭಾಗ ಮುಗಿದಿತ್ತು. ಲ್ಯಾಪ್‌ಟಾಪ್ ಎಂಥದ್ದು ಅಂದರೆ ಮೇಲೆ ನಿಂತು ಕುಣಿದರೂ ಏನೂ ಆಗದಂಥದ್ದು. ಆದರೆ ಈಥರ್‌ನೆಟ್ ಕೇಬಲ್ಲಿನ ತುದಿಯ ಕ್ಲಿಪ್ ಯಾವಾಗಲೋ ಮುರಿದಿತ್ತು. ಯಾರದೋ ಮೊಣಕಾಲು ತಾಗಿತು, ಕೇಬಲ್ ಅರ್ಧ ಮಿಲಿಮೀಟರ್ ಹಿಂದೆ ಸರಿಯಿತು, ಲೋಡ್ ಫೇಲ್. ಡಬ್ಬದಲ್ಲಿ ಹಳೇ ಸಾಫ್ಟ್‌ವೇರೂ ಇಲ್ಲ, ಹೊಸದೂ ಇಲ್ಲ. ಮೊದಲಿಂದ ಶುರು. ಪ್ರಯಾಣಿಕರು ಗೇಟಿನಲ್ಲಿ ಕೂತು ಯಾರನ್ನು ಬೈದರೋ ಗೊತ್ತಿಲ್ಲ, ಬೈಯಬೇಕಾದದ್ದು ಆ ಕ್ಲಿಪ್ಪನ್ನು.

ಮೊದಲು ಕೆಲಸ, ಆಮೇಲೆ ಮಾಡೆಲ್

ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಇದರಲ್ಲಿ ಏನು ಮಾಡುತ್ತೀರಿ, ಎಲ್ಲಿ ಕೂತು ಮಾಡುತ್ತೀರಿ. ಬರೀ ಮ್ಯಾನ್ಯುಯಲ್ ನೋಡಿ ಟಾಸ್ಕ್ ಕಾರ್ಡ್ (ಮಾಡಬೇಕಾದ ಕೆಲಸದ ಹಾಳೆ) ಸಹಿ ಮಾಡೋದಾದರೆ ಟ್ಯಾಬ್ಲೆಟ್ ಸಾಕು. ಡೇಟಾ ಲೋಡಿಂಗ್ ಇದ್ದರೆ ಪೋರ್ಟ್ ಬೇಕು. ಹಳೇ ವಿಮಾನಗಳಲ್ಲಿ ಅರಿಂಕ್ 615 ಅನ್ನುವ ಲೋಡಿಂಗ್ ಪದ್ಧತಿ, ಅದು ಅರಿಂಕ್ 429 ಅನ್ನುವ ವಿಮಾನದ ಡೇಟಾ ತಂತಿಯಲ್ಲಿ ಹೋಗುತ್ತದೆ, ಅದರ ವೇಗ ಸೆಕೆಂಡಿಗೆ ಹೆಚ್ಚೆಂದರೆ 100 ಕಿಲೋಬಿಟ್. ಅದಕ್ಕೆ ಬೇರೆ ಇಂಟರ್‌ಫೇಸ್ ಬೇಕು. ಹೊಸವುಗಳಲ್ಲಿ 615ಎ, ಅಂದರೆ ಈಥರ್‌ನೆಟ್. ಈಗಿನ ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಈಥರ್‌ನೆಟ್ ಪೋರ್ಟೇ ಇರುವುದಿಲ್ಲ, ಡಾಂಗಲ್ ಹಾಕಿ ಅನ್ನುತ್ತಾರೆ. ಡಾಂಗಲ್ ಅಂದರೆ ಕಿತ್ತುಬರುವ ಜಾಗ ಇನ್ನೊಂದು ಜಾಸ್ತಿ ಆಯಿತು ಅಂತ ಅರ್ಥ. ಮೈಗೇ ಕೂಡಿಸಿದ ಪೋರ್ಟ್ ಇರುವುದನ್ನೇ ತಗೊಳ್ಳಿ, ಸೀರಿಯಲ್ ಪೋರ್ಟೂ ಇದ್ದರೆ ಇನ್ನೂ ಒಳ್ಳೇದು. ಹಳೇ ಪರೀಕ್ಷಾ ಉಪಕರಣಗಳು ಇನ್ನೂ ಅದನ್ನೇ ಕೇಳುತ್ತವೆ.

ಇಂಧನ ಟ್ಯಾಂಕ್ ಒಳಗಿನ ಅಥವಾ ಅದರ ಪಕ್ಕದ ಕೆಲಸ ಇದ್ದರೆ ಅದು ಪೂರ್ತಿ ಬೇರೆ ಮಾತು. ರಗ್ಡ್ (ಒರಟು ಬಳಕೆಗೆ ಗಟ್ಟಿ ಮಾಡಿದ್ದು) ಅಂದ ಮಾತ್ರಕ್ಕೆ ಆವಿಯಲ್ಲಿ ಕಿಡಿ ಹಾರಿಸುವುದಿಲ್ಲ ಅಂತಲ್ಲ. ಅಲ್ಲಿಗೆ ಅಟೆಕ್ಸ್ ಅಥವಾ ಐಇಸಿಇಎಕ್ಸ್ ಪ್ರಮಾಣಪತ್ರ (ಸ್ಫೋಟದ ಅಪಾಯವಿರುವ ಜಾಗದಲ್ಲಿ ಬಳಸಬಹುದು ಅನ್ನುವ ಪತ್ರ), ಅದರಲ್ಲಿ ಯಾವ ಝೋನ್, ಅಂದರೆ ಎಷ್ಟು ಅಪಾಯದ ಜಾಗ, ಅಂತ ಬರೆದಿರುವುದು, ಎರಡೂ ಇರಬೇಕು. ಇಲ್ಲದಿದ್ದರೆ ಲ್ಯಾಪ್‌ಟಾಪ್ ಹೊರಗೇ ಇಟ್ಟು ಒಳಗೆ ಹೋಗಿ.

ಸ್ಟಿಕರ್ ಓದುವ ಕಲೆ

'ಮಿಲಿಟರಿ ಗ್ರೇಡ್' ಅನ್ನೋ ಮಾತು ಕೇಳಿದ ಕೂಡಲೇ ತಲೆದೂಗಬೇಡಿ. ಅದರ ಹಿಂದೆ ಇರೋದು ಅಮೆರಿಕದ ಮಿಲ್-ಸ್ಟ್ಯಾಂಡರ್ಡ್ 810, ಅದರ 'ಎಚ್' ಆವೃತ್ತಿ ಬಂದದ್ದು 2019ರಲ್ಲಿ. ಅದೊಂದು ಪರೀಕ್ಷೆಗಳ ದೊಡ್ಡ ಪುಸ್ತಕ. ಬಿಸಿಲು, ಚಳಿ, ಧೂಳು, ಉಪ್ಪುಗಾಳಿ, ನಡುಕ, ಬೀಳೋದು ಎಲ್ಲಕ್ಕೂ ಒಂದೊಂದು ವಿಧಾನ ಇದೆ. ಯಾವುದನ್ನು ಮಾಡಬೇಕು ಅಂತ ಆರಿಸಿಕೊಳ್ಳೋದು ಕಂಪನಿ. ಪಾಸಾಯಿತು ಅಂತ ಮುದ್ರೆ ಒತ್ತುವ ಸರ್ಕಾರಿ ಕಚೇರಿ ಯಾವುದೂ ಇಲ್ಲ. ಒಂದೇ ಒಂದು ಪರೀಕ್ಷೆ ಮಾಡಿಸಿಯೂ ಅದೇ ಸ್ಟಿಕರ್ ಅಂಟಿಸಬಹುದು.

ಬೀಳಿಸುವ ಪರೀಕ್ಷೆಯನ್ನೇ ನೋಡಿ. ಆರು ಮುಖ, ಹನ್ನೆರಡು ಅಂಚು, ಎಂಟು ಮೂಲೆ, ಒಟ್ಟು 26 ಸಲ ಬೀಳಿಸಬೇಕು, ಸಾಮಾನ್ಯವಾಗಿ ನಾಲ್ಕು ಅಡಿಯಿಂದ. ಕೇಳೋಕೆ ಭಯಂಕರ. ಆದರೆ ಆ 26 ಪೆಟ್ಟನ್ನು ಐದು ಮಷಿನ್‌ಗಳ ತನಕ ಹಂಚಬಹುದು ಅಂತ ನಿಯಮದಲ್ಲೇ ಇದೆ. ಅಂದರೆ ಒಂದೊಂದು ಐದಾರು ಪೆಟ್ಟು ತಿಂದರೆ ಮುಗಿಯಿತು. ಬೀಳುವಾಗ ಆನ್ ಆಗಿತ್ತಾ, ಆಫ್ ಆಗಿತ್ತಾ ಅನ್ನೋದು ಇನ್ನೊಂದು ಪ್ರಶ್ನೆ. ಹಾಗಾಗಿ ಮಾರಾಟದವರಿಗೆ ನೇರವಾಗಿ ಕೇಳಿ: ಯಾವ ವಿಧಾನಗಳು, ಯಾವ ಎತ್ತರ, ಎಷ್ಟು ಮಷಿನ್, ಯಾವ ಲ್ಯಾಬು, ವರದಿ ಕೊಡಿ. ವರದಿ ಕೇಳಿದ ಕೂಡಲೇ ಕೆಲವರು ಮಾತು ಬದಲಿಸುತ್ತಾರೆ, ಅಲ್ಲೇ ಉತ್ತರ ಸಿಕ್ಕಂತಾಯಿತು.

ಐಪಿ ಸಂಖ್ಯೆ ಇದಕ್ಕಿಂತ ನೆಟ್ಟಗಿದೆ. ಮೊದಲ ಅಂಕೆ ಧೂಳಿಗೆ, ಎರಡನೆಯದು ನೀರಿಗೆ. ಐಪಿ65 ಅಂದರೆ ಧೂಳು ಒಳಗೆ ಹೋಗದು, ಪೈಪಿನ ನೀರು ಬಡಿದರೂ ತಡೆಯುತ್ತದೆ. ಐಪಿ67 ಆದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಮಳೆಗಾಲದಲ್ಲಿ ರ‍್ಯಾಂಪ್ ಮೇಲೆ, ಅಂದರೆ ವಿಮಾನ ನಿಲ್ಲಿಸುವ ಬಯಲಲ್ಲಿ, ಕೆಲಸಕ್ಕೆ 65 ಧಾರಾಳ. ಆದರೆ ಬಹಳಷ್ಟು ಮಾಡೆಲ್‌ಗಳಲ್ಲಿ ಈ ಲೆಕ್ಕ ಪೋರ್ಟಿನ ಮುಚ್ಚಳ ಹಾಕಿದ್ದಾಗ ಮಾತ್ರ. ಕೇಬಲ್ ಚುಚ್ಚಿ ಕೂತಾಗ ಆ 65 ಎಲ್ಲಿ ಉಳಿಯಿತು? ಅದಕ್ಕೇ ಲೋಡಿಂಗ್ ಮಾಡುವಾಗ ಮಳೆ ಹನಿಯೋ ಕಡೆ ಮಷಿನ್ ಇಡಬೇಡಿ.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಸಿಬಿಡೋಣ. ವಿಮಾನಕ್ಕೇ ಜೋಡಿಸುವ ಉಪಕರಣಗಳಿಗೆ ಬೇರೆ ಮಾನದಂಡ, ಅಮೆರಿಕದ ಆರ್‌ಟಿಸಿಎ ಸಂಸ್ಥೆಯ ಡಿಒ-160. 2010ರ 'ಜಿ' ಆವೃತ್ತಿಯಲ್ಲಿ ಎತ್ತರದ ಒತ್ತಡ, ನಡುಕದಿಂದ ಹಿಡಿದು ಸಿಡಿಲಿನ ಪರಿಣಾಮ, ರೇಡಿಯೋ ಅಲೆಗಳ ತನಕ ಇದೆ. 810 ಪಾಸಾದ ಟ್ಯಾಬ್ಲೆಟ್ ಅದನ್ನೂ ಪಾಸಾಗಿದೆ ಅಂತ ಅಂದುಕೊಳ್ಳಬೇಡಿ. ಕೈಯಲ್ಲಿ ಹಿಡಿದು ಹೋಗುವ ತನಕ ಅದು ನಿಮ್ಮ ಸಾಮಾನು. ಸ್ಕ್ರೂ ಹಾಕಿ ಕೂರಿಸಿ ವಿಮಾನದ ಕರೆಂಟು ಕೊಟ್ಟ ಕ್ಷಣ ಅದಕ್ಕೆ ಅನುಮೋದನೆ ಬೇಕು.

ಒಳಗಿನ ಭಾಗಗಳು

ಹೊರಗಿನ ರಬ್ಬರಿಗೆ ಮಾರುಹೋಗದೆ ಒಳಗೆ ಏನಿದೆ ನೋಡಿ. ಎಸ್‌ಎಸ್‌ಡಿ (ಡೇಟಾ ಉಳಿಸಿಡುವ ಡ್ರೈವ್) ಮೊದಲು. ಸಾಮಾನ್ಯ ಎಸ್‌ಎಸ್‌ಡಿ 0ಯಿಂದ 70 ಡಿಗ್ರಿ ಸೆಲ್ಸಿಯಸ್‌ಗೆ ಮಾಡಿದ್ದು, ಕೈಗಾರಿಕೆಯದ್ದು ಮೈನಸ್ 40ರಿಂದ 85ರ ತನಕ. ಕರೆಂಟು ಇದ್ದಕ್ಕಿದ್ದಂತೆ ಹೋದರೆ ಬರೆಯುತ್ತಿದ್ದ ಡೇಟಾ ಉಳಿಸುವ ಕೆಪಾಸಿಟರ್‌ಗಳು ಇರುವಂಥದ್ದು ತಗೊಳ್ಳಿ. ಸ್ಕ್ರೂಡ್ರೈವರ್ ಇಲ್ಲದೆ ಹೊರತೆಗೆಯುವ ಹಾಗಿದ್ದರೆ ಬಹಳ ಅನುಕೂಲ: ಮಷಿನ್ ಸತ್ತರೂ ಡ್ರೈವ್ ತೆಗೆದು ಅದೇ ಮಾಡೆಲ್ಲಿನ ಇನ್ನೊಂದಕ್ಕೆ ಹಾಕಿ ಕೆಲಸ ಮುಂದುವರಿಸಬಹುದು. ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದರೆ ನಡುಕಕ್ಕೆ ಸಡಿಲ ಆಗೋ ಭಯ ಇಲ್ಲ, ಆದರೆ ಕೆಟ್ಟರೆ ಬೋರ್ಡೇ ಹೋಯಿತು. ನನ್ನ ಆಯ್ಕೆ ಬೆಸುಗೆಯದ್ದೇ. ಹೆಂಗೂ ವಿಮಾನ ಎಳೆಯುವ ಟೋ ಟ್ರ್ಯಾಕ್ಟರಿನಲ್ಲಿ ಅದು ದಿನವಿಡೀ ಕುಲುಕಾಡುತ್ತಿರುತ್ತದೆ.

ಪರದೆ ಕನಿಷ್ಠ 1,000 ನಿಟ್ಸ್ ಬೆಳಕಿನದ್ದು ಇರಲಿ. ಮನೆ ಲ್ಯಾಪ್‌ಟಾಪ್ ಸುಮಾರು 250, 300 ಇರುತ್ತದೆ. ದೇವನಹಳ್ಳಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಅದರಲ್ಲಿ ನಿಮ್ಮ ಮುಖ ಬಿಟ್ಟು ಇನ್ನೇನೂ ಕಾಣದು. ಕೊಳ್ಳುವಾಗ ಗ್ಲೌಸ್ ಹಾಕಿಕೊಂಡೇ ಟಚ್ ಮಾಡಿ ನೋಡಿ, ಅಂಗಡಿಯವರು ವಿಚಿತ್ರವಾಗಿ ನೋಡಲಿ ಬಿಡಿ.

ಬ್ಯಾಟರಿ ಎರಡಿದ್ದು, ಒಂದನ್ನು ತೆಗೆದರೂ ಮಷಿನ್ ಆಫ್ ಆಗದಂಥದ್ದು ಸಿಕ್ಕರೆ ಬಿಡಬೇಡಿ. ಬೇರೆ ಊರಲ್ಲಿ ವಿಮಾನ ನಿಂತುಬಿಟ್ಟು ನೀವೇ ಪ್ರಯಾಣಿಕರಾಗಿ ಹೋಗಬೇಕಾದಾಗ ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಲಗೇಜಿಗೆ ಹಾಕುವ ಹಾಗಿಲ್ಲ. 100 ವ್ಯಾಟ್-ಅವರ್ ತನಕ ತೊಂದರೆ ಇಲ್ಲ, 100ರಿಂದ 160ರ ಒಳಗಿದ್ದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಕೊಳ್ಳುವಾಗಲೇ ಬ್ಯಾಟರಿ ಮೇಲಿನ ಈ ಸಂಖ್ಯೆ ನೋಡಿಕೊಳ್ಳಿ.

ದಿನನಿತ್ಯ

ಹ್ಯಾಂಗರಿನಲ್ಲಿ ಲ್ಯಾಪ್‌ಟಾಪಿನ ನಿಜವಾದ ಶತ್ರು ಸ್ಕೈಡ್ರಾಲ್. ನೇರಳೆ ಬಣ್ಣದ ಆ ಹೈಡ್ರಾಲಿಕ್ ಎಣ್ಣೆ ಚರ್ಮ ಸುಡುತ್ತದೆ, ಬಣ್ಣ ಕೀಳುತ್ತದೆ, ಎಷ್ಟೋ ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಎಣ್ಣೆ ಹತ್ತಿದ ಗ್ಲೌಸಿನಲ್ಲಿ ಕೀಲಿ ಒತ್ತಿದರೆ ಮೊದಲು ಅಕ್ಷರ ಅಳಿಸುತ್ತದೆ, ಆಮೇಲೆ ಅಂಟಂಟಾಗುತ್ತದೆ. ಕೀಬೋರ್ಡ್ ಮೇಲೆ ಸಿಲಿಕೋನ್ ಹೊದಿಕೆ ಹಾಕಿ, ಹಾಳಾದರೆ ಅದನ್ನಷ್ಟೇ ಬಿಸಾಕಬಹುದು. ಬಿದ್ದ ಹನಿಯನ್ನು ಆಗಲೇ ಒರೆಸಿ, ಶಿಫ್ಟ್ ಮುಗಿಯುವ ತನಕ ಕಾಯಬೇಡಿ. ಒರೆಸುವ ದ್ರವವನ್ನು ಬಟ್ಟೆಗೆ ಹಾಕಿ, ಮಷಿನ್ ಮೇಲೆ ಸಿಂಪಡಿಸಬೇಡಿ.

ಚಾರ್ಜರ್ ವಿಷಯ. ವಿಮಾನದ ಕರೆಂಟು 115 ವೋಲ್ಟ್, 400 ಹರ್ಟ್ಜ್. ವಿಮಾನದೊಳಗೆ ಸರ್ವಿಸ್ ಔಟ್‌ಲೆಟ್ ಕಂಡಿತು ಅಂತ ಸುಮ್ನೆ ಚುಚ್ಚಬೇಡಿ. ನಿಮ್ಮ ಅಡಾಪ್ಟರ್ ತಿರುಗಿಸಿ ಓದಿ, ಬಹುಪಾಲು 50-60 ಹರ್ಟ್ಜ್ ಅಂತಲೇ ಇರುತ್ತದೆ. ಬಿಸಿಲಲ್ಲಿ ನಿಂತ ವ್ಯಾನಿನ ಡ್ಯಾಶ್‌ಬೋರ್ಡ್ ಮೇಲೆ ಮಷಿನ್ ಬಿಟ್ಟು ಊಟಕ್ಕೆ ಹೋಗಬೇಡಿ, ಬ್ಯಾಟರಿ ಉಬ್ಬುತ್ತದೆ. ಉಬ್ಬಿದ ಬ್ಯಾಟರಿಯನ್ನು 'ಇನ್ನೊಂದು ವಾರ ನಡೆಯುತ್ತೆ' ಅನ್ನುವವರು ಪ್ರತಿ ಶಿಫ್ಟಿನಲ್ಲೂ ಒಬ್ಬರು ಇರುತ್ತಾರೆ. ಅವರ ಮಾತು ಕೇಳಬೇಡಿ.

ಸ್ಪೇರ್ ಅಂತ ಬೀರುವಿನಲ್ಲಿಟ್ಟ ಮಷಿನ್ನನ್ನೂ ಮರೆಯಬೇಡಿ. ಕರೆಂಟಿಲ್ಲದೆ ಎಸ್‌ಎಸ್‌ಡಿ ಡೇಟಾವನ್ನು ಶಾಶ್ವತವಾಗಿ ಹಿಡಿದಿಟ್ಟುಕೊಳ್ಳುವುದಿಲ್ಲ. ಮಾಮೂಲಿ ಎಸ್‌ಎಸ್‌ಡಿಗೆ ಜೆಡೆಕ್ ಅನ್ನುವ ಚಿಪ್ ಉದ್ಯಮದ ಸಂಸ್ಥೆಯ ಮಾನದಂಡ ಕೇಳೋದು, ಆಯಸ್ಸು ಮುಗಿಯುವ ಹೊತ್ತಿಗೂ 30 ಡಿಗ್ರಿಯಲ್ಲಿ ಒಂದು ವರ್ಷ ಉಳಿಯಬೇಕು ಅಂತ, ಅಷ್ಟೇ. ಬಿಸಿ ಜಾಸ್ತಿ ಆದಷ್ಟೂ ಆ ಅವಧಿ ಕಡಿಮೆ. ವಿಮಾನಕ್ಕೆ ದಾರಿ ತೋರುವ ನ್ಯಾವಿಗೇಷನ್ ಡೇಟಾಬೇಸ್ ಹೆಂಗೂ 28 ದಿನಕ್ಕೊಮ್ಮೆ ಬದಲಾಗುತ್ತದೆ, ಆ ದಿನವೇ ಸ್ಪೇರ್ ಮಷಿನ್ನನ್ನೂ ಆನ್ ಮಾಡಿ, ಚಾರ್ಜ್ ಮಾಡಿ, ಅಪ್‌ಡೇಟ್ ಮುಗಿಸಿ ಇಡಿ. ಬೇರೆ ಕ್ಯಾಲೆಂಡರ್ ಬೇಡ.

ಲೋಡಿಂಗ್ ದಿನ

ವಿಮಾನ ಹತ್ತುವ ಮುಂಚೆಯೇ ಸ್ಲೀಪ್ ಆಫ್ ಮಾಡಿ, ಮುಚ್ಚಳ ಮುಚ್ಚಿದರೆ ಏನೂ ಆಗಬಾರದು ಅಂತ ಸೆಟ್ಟಿಂಗ್ ಬದಲಿಸಿ, ಅಪ್‌ಡೇಟ್ ನಿಲ್ಲಿಸಿ, ವೈಫೈ ತೆಗೆಯಿರಿ. ಲೋಡ್ ಅರ್ಧಕ್ಕೆ ಬಂದಾಗ 'ರೀಸ್ಟಾರ್ಟ್ ಮಾಡಲಾ' ಅಂತ ವಿಂಡೋಸ್ ಕೇಳಿದರೆ ಎದೆ ಒಡೆಯುತ್ತದೆ. ಸಿಕ್ಕಸಿಕ್ಕ ಪೆನ್‌ಡ್ರೈವ್ ಈ ಮಷಿನ್ನಿಗೆ ಹಾಕಲೇಬಾರದು, ಫೋನ್ ಚಾರ್ಜಿಗೆ ಕೂಡ ಹಾಕಬಾರದು. ಸಾಫ್ಟ್‌ವೇರಿನ ಪಾರ್ಟ್ ನಂಬರನ್ನು ಆ ವಿಮಾನಕ್ಕೆ ಅನುಮೋದಿತ ಪಟ್ಟಿಯ ಜೊತೆ ಅಕ್ಷರ ಅಕ್ಷರ ಹೋಲಿಸಿ, ಡ್ಯಾಶ್ ನಂತರದ ಕೊನೇ ಅಂಕೆಯಲ್ಲೇ ತಪ್ಪಾಗೋದು. ಗ್ರೌಂಡ್ ಪವರ್ (ನೆಲದಿಂದ ವಿಮಾನಕ್ಕೆ ಕೊಡುವ ಕರೆಂಟು) ಸ್ಥಿರವಾಗಿದೆಯಾ ನೋಡಿ, 'ಲೋಡಿಂಗ್ ನಡೆಯುತ್ತಿದೆ, ಪವರ್ ತೆಗೆಯಬೇಡಿ' ಅಂತ ಒಂದು ಬೋರ್ಡ್ ತೂಗುಹಾಕಿ.

ಕೇಬಲ್ಲನ್ನು ಪ್ರತಿಸಲ ಬೆರಳಿನಿಂದ ಎಳೆದು ನೋಡಿ, 'ಟಿಕ್' ಅಂತ ಕೂತಿರಬೇಕು. ಕ್ಲಿಪ್ ಮುರಿದ ಕೇಬಲ್ಲಿಗೆ ಟೇಪ್ ಸುತ್ತಿ ಬಳಸಬೇಡಿ, ಎರಡು ತುಂಡು ಮಾಡಿಯೇ ಬಿಸಾಕಿ, ಹಾಗೇ ಬಿಟ್ಟರೆ ಮರುದಿನ ಮತ್ತೆ ಪೆಟ್ಟಿಗೆಯೊಳಗೆ ಬಂದು ಕೂತಿರುತ್ತದೆ. ಲೋಡ್ ಮುಗಿದ ಮೇಲೆ ಲ್ಯಾಪ್‌ಟಾಪ್ 'ಆಯಿತು' ಅಂದರೆ ಸಾಲದು, ವಿಮಾನದ ಪರದೆಯಲ್ಲೇ ಹೊಸ ಪಾರ್ಟ್ ನಂಬರ್ ತೆರೆದು ಓದಿ ಸಹಿ ಮಾಡಿ.

ಹಾರಾಟ ಕಲಿಯುವವರಿಗೆ

ಜಕ್ಕೂರಿನಂಥ ಕಡೆ ಚಿಕ್ಕ ವಿಮಾನದಲ್ಲಿ ಕಲಿಯುವ ಹುಡುಗ ಹುಡುಗಿಯರು ಐಪ್ಯಾಡ್‌ನಲ್ಲಿ ಮ್ಯಾಪ್ ಹಾಕಿಕೊಂಡು ಹೋಗುತ್ತೀರಿ. ಐಪ್ಯಾಡ್‌ ಬಳಸುವ ಜಾಗದ ಬಿಸಿ 35 ಡಿಗ್ರಿ ದಾಟಬಾರದು ಅಂತ ಆಪಲ್ ತಾನೇ ಹೇಳುತ್ತದೆ. ಬಿಸಿಲಲ್ಲಿ ನಿಂತ ಸೆಸ್ನಾದ ಕಾಕ್‌ಪಿಟ್ ಅದನ್ನು ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆಯೇ ದಾಟಿರುತ್ತದೆ. ದಪ್ಪ ಕವರ್ ತೆಗೆಯಿರಿ, ಹಾರುವಾಗ ಚಾರ್ಜ್ ಹಾಕಬೇಡಿ, ಗಾಜಿಗೆ ಅಂಟಿಸುವ ಬದಲು ತೊಡೆ ಮೇಲೆ ನೆರಳಲ್ಲಿ ಇಟ್ಟುಕೊಳ್ಳಿ. ಮತ್ತೆ ಕಾಗದದ ಮ್ಯಾಪ್ ಜೊತೆಗಿರಲಿ. 2015ರ ಏಪ್ರಿಲ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಪೈಲಟ್‌ಗಳ ಐಪ್ಯಾಡ್ ಆ್ಯಪ್ ಕೈಕೊಟ್ಟು ಎಷ್ಟೋ ವಿಮಾನ ತಡವಾದವು, ಕಾರಣ ವಾಷಿಂಗ್ಟನ್ನಿನ ರೇಗನ್ ನಿಲ್ದಾಣದ ಒಂದು ಚಾರ್ಟು ಎರಡು ಸಲ ಸೇರಿಕೊಂಡದ್ದು. ಇಬ್ಬರು ಪೈಲಟ್, ಎರಡು ಐಪ್ಯಾಡ್, ಎರಡರಲ್ಲೂ ಅದೇ ಆ್ಯಪ್. ಒಂದೇ ಥರದ್ದು ಎರಡಿದ್ದರೆ ಅದು ಬ್ಯಾಕಪ್ ಅಲ್ಲ.

ಕೊನೆಗೆ ಒಂದು. ಲ್ಯಾಪ್‌ಟಾಪ್, ಚಾರ್ಜರ್, ಸ್ಟೈಲಸ್, ಪೋರ್ಟ್ ಮುಚ್ಚಳ ಎಲ್ಲವೂ ಟೂಲ್ ಲೆಕ್ಕಕ್ಕೇ ಸೇರಬೇಕು, ಸ್ಪಾನರಿಗೆ ನಂಬರ್ ಕೊರೆಯುವ ಹಾಗೆ ಇದಕ್ಕೂ ನಂಬರ್ ಇರಬೇಕು. ಸ್ಟೈಲಸ್‌ಗೆ ದಾರ ಕಟ್ಟಿ. ಶಿಫ್ಟ್ ಶುರುವಿಗೆ ಕೀಬೋರ್ಡಿನ ಕೀಲಿಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಶಿಫ್ಟ್ ಮುಗಿದಾಗ ಮತ್ತೊಮ್ಮೆ. ನಮ್ಮಲ್ಲಿ ಒಂದು ಸಲ ಎಸ್ಕೇಪ್ ಕೀಲಿ ಕಾಣದೆ ಇಬ್ಬರು ಟಾರ್ಚ್ ಹಿಡಿದು ರಡ್ಡರ್ ಪೆಡಲ್ಲಿನ ಕೆಳಗೆ ಎರಡು ಗಂಟೆ ತಡಕಾಡಿದೆವು. ಬಿಡಿ ತುಂಡು ಪೆಡಲ್ಲಿಗೆ ಸಿಕ್ಕಿಕೊಂಡರೆ ಅಪಾಯ, ಸಿಗುವ ತನಕ ವಿಮಾನ ಬಿಡುವ ಹಾಗಿರಲಿಲ್ಲ. ಸಿಕ್ಕಿದ್ದು ಲ್ಯಾಪ್‌ಟಾಪ್ ಬ್ಯಾಗಿನ ಮೂಲೆಯಲ್ಲಿ, ಯಾವತ್ತು ಕಿತ್ತುಬಂದಿತ್ತು ಅಂತ ಯಾರಿಗೂ ಗೊತ್ತಿರಲಿಲ್ಲ.